ಚೌಗುಲೆಯವರ ಗಿಳಿಯ ವೈರಾಗ್ಯ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕೂತರೆ, ಗಡಿ ತಂಟೆಗೆ ಒಂದು ಅಧ್ಯಾಯ, ಕೃಷ್ಣೆಯ ಮಹಾಪೂರಕ್ಕೆ ಒಂದು, ಸಕ್ಕರೆ ಕಾರಖಾನೆಗಳ ಚುನಾವಣೆಗೆ ಎರಡು ಕೊಟ್ಟ ಮೇಲೂ ಇನ್ನೊಂದು ಸಂಗತಿಗೆ ಜಾಗ ಉಳಿಸಿಕೊಳ್ಳಬೇಕು. ಅದೇನೆಂದರೆ, ಬೋರಗಾಂವದ ಚೌಗುಲೆಯವರ ಮನೆಯ ಗಿಳಿ ಶ್ರಾವಣದ ಒಂದು ಮುಂಜಾನೆ ತನ್ನ ಎದೆಯ ಮೇಲಿನ ಗರಿಯೊಂದನ್ನು ತಾನೇ ಕಿತ್ತು, ಪಂಜರದ ನೆಲಕ್ಕೆ ಹಾಕಿ, ಅದರ ಕಡೆಗೊಂದು ಸಲ ನೋಡಿತು.

ಇದನ್ನು ಕಂಡವರು ಇಬ್ಬರು. ಮನೆಯ ಹಿರಿಯರಾದ ಲಕ್ಷ್ಮಿಬಾಯಿ ಜಪಮಾಲೆ ಹಿಡಿದು ಕೂತಿದ್ದರು. ಸೊಸೆ ಮಯೂರಿ ಕಸಬರಿಗೆ ಹಿಡಿದು ನಿಂತಿದ್ದಳು. ಜಪಮಾಲೆಗೆ ಕಂಡದ್ದು ಒಂದು, ಕಸಬರಿಗೆಗೆ ಕಂಡದ್ದು ಇನ್ನೊಂದು. ಮುಂದಿನ ರಗಳೆಯೆಲ್ಲ ಹುಟ್ಟಿದ್ದು ಇಲ್ಲಿಂದ.

ಗಿಳಿ ಎಂದರೆ ಪೇರಲ ಗಿಡಕ್ಕೆ ಬಂದು ಕಾಯಿ ಕಚ್ಚಿ ಒಗೆದು ಹೋಗುವ ಹಸಿರು ಗಿಳಿಯಲ್ಲ. ಅದನ್ನು ಮನೆಯಲ್ಲಿಟ್ಟರೆ ಅರಣ್ಯ ಇಲಾಖೆಯವರು ಕೇಳಿಕೊಂಡು ಬರುತ್ತಾರೆ. ಇದು ಆಫ್ರಿಕಾದ ಬೂದು ಗಿಳಿ. ಮೈಯೆಲ್ಲ ಒಲೆಯ ಬೂದಿ, ಬಾಲ ಮಾತ್ರ ಕುಂಕುಮ. ಇದಕ್ಕೆ ನೋಂದಣಿ, ಕಾಗದಪತ್ರ ಎಲ್ಲ ಇದ್ದವು, ಚೌಗುಲೆಯವರ ಕೆಲವು ಜಮೀನುಗಳಿಗೂ ಇರದಷ್ಟು ಚೊಕ್ಕವಾಗಿ. ಲಕ್ಷ್ಮಿಬಾಯಿಯ ಮಗಳು ಕಾಜಲ ನಿಪ್ಪಾಣಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಹಟ ಹಿಡಿದು ತರಿಸಿ, ‘ಸರಕಾರ’ ಎಂದು ಹೆಸರಿಟ್ಟಿದ್ದಳು. ಸರಕಾರ ಕಾಜಲಳ ಹೆಗಲ ಮೇಲೆ ಬೆಳೆಯಿತು. ಅವಳ ದನಿಯಲ್ಲೇ “ಆಯೀ, ಚಹಾ!” ಅನ್ನುತ್ತಿತ್ತು. ಓಣಿಯಾಚೆಯ ಪಾವರಲೂಮುಗಳ ಖಟಾಖಟಿಯನ್ನೂ ಕಲಿತಿತ್ತು. ಕರೆಂಟು ಹೋಗಿ ಊರಿನ ಮಗ್ಗಗಳೆಲ್ಲ ನಿಂತಾಗ ಚೌಗುಲೆಯವರ ಪಡಸಾಲೆಯಲ್ಲಿ ಒಂದು ಮಗ್ಗ ಮಾತ್ರ ನಡೆದೇ ಇರುತ್ತಿತ್ತು.

ಬೇಸಿಗೆಯಲ್ಲಿ ಕಾಜಲಳನ್ನು ಅಥಣಿಗೆ ಕೊಟ್ಟರು. ಅಲ್ಲಿ ಅವಳ ಅತ್ತೆಗೆ ದಮ್ಮು. ಬೂದು ಗಿಳಿಯ ಮೈಯಿಂದ ಹಿಟ್ಟಿನಂಥ ಧೂಳು ಉದುರುತ್ತದೆ, ಅದು ದಮ್ಮಿಗೆ ಆಗುವುದಿಲ್ಲ. ಹೀಗಾಗಿ ಮಗಳು ಹೋದಳು, ಗಿಳಿ ಉಳಿಯಿತು. ಮನೆಯಲ್ಲಿ ಯಾವ ಕೆಲಸಕ್ಕೆ ಯಜಮಾನರಿಲ್ಲವೋ ಅದು ಸೊಸೆಯದು ಎಂಬ ಹಳೆಯ ಕಾಯಿದೆಯ ಪ್ರಕಾರ ಸರಕಾರ ಮಯೂರಿಯ ಪಾಲಿಗೆ ಬಂತು.

ಮಯೂರಿ ಕಾಗವಾಡದ ಹುಡುಗಿ, ಎರಡು ವರ್ಷದ ಹಿಂದೆ ಈ ಮನೆಗೆ ಬಂದವಳು. ಗಿಳಿ ಮೊದಮೊದಲು ಅವಳ ಬೆರಳನ್ನು ಕಡಲೆಕಾಯಿ ಎಂದು ತಿಳಿದಂತಿತ್ತು. ಕಚ್ಚಿಸಿಕೊಂಡೇ ಅವಳು ಕಲಿತಳು. ಗರಿ ಸಡಿಲ ಬಿಟ್ಟು ಒಂದು ಕಾಲು ಮಡಚಿ ಕೂತರೆ ನೆಮ್ಮದಿಯಿಂದಿದೆ. ಗರಿಯನ್ನೆಲ್ಲ ಮೈಗಂಟಿಸಿ ಕಡ್ಡಿಯಂತೆ ತೆಳ್ಳಗಾದರೆ ಅಂಜಿದೆ. ಕಣ್ಣಿನ ಕರಿಗುಡ್ಡೆ ಸಣ್ಣದು ದೊಡ್ಡದು, ಸಣ್ಣದು ದೊಡ್ಡದು ಆಗತೊಡಗಿದರೆ ಕೈ ಹೊರಗೆ ತೆಗೆಯಬೇಕು, ಕಾರಣ ಆಮೇಲೆ ಕೇಳಬಹುದು. ಅತ್ತೆಯ ಸಿಟ್ಟನ್ನೂ ಅವಳು ಇದೇ ಕಾಲದಲ್ಲಿ ಓದಲು ಕಲಿಯುತ್ತಿದ್ದಳು. ಎರಡರಲ್ಲಿ ಗಿಳಿಯದೇ ಸುಲಭ.

ಪಂಚಮಿಗೆ ಕಾಜಲ ತವರಿಗೆ ಬಂದು, ಗಿಳಿಯನ್ನು ಹೆಗಲ ಮೇಲೆ ಕೂಡಿಸಿಕೊಂಡು ಮನೆಯೆಲ್ಲ ತಿರುಗಿ, ಮತ್ತೆ ಹೋದಳು. ಹೋದ ಮರುದಿನದಿಂದ ಗಿಳಿ ಮಾತು ಬಿಟ್ಟಿತು. ಕಾಳು ಕೆದರಿ ಚೆಲ್ಲಿತು. ಆಮೇಲೆ ಆ ಗರಿ.

“ಮಯೂರೀ, ನೋಡಿದೇನ?” ಎಂದರು ಲಕ್ಷ್ಮಿಬಾಯಿ.

“ನೋಡಿದ್ನಿರಿ ಆಯಿ. ಕಾಜಲ ಹೋದಾಗಿಂದ ಅದಕ್ಕ ತ್ರಾಸ ಆಗೇತಿ.”

“ತ್ರಾಸ ನಿನಗ ಆಗೇತಿ. ಅದಕ್ಕ ವೈರಾಗ್ಯ ಆಗೇತಿ.”

ಈ ಮಾತಿಗೆ ಹಿನ್ನೆಲೆ ಇತ್ತು. ಅದು ಚಾತುರ್ಮಾಸದ ಕಾಲ. ಜೈನ ಮುನಿಗಳು ಊರೂರು ನಡೆಯುವುದನ್ನು ನಿಲ್ಲಿಸಿ ಮಳೆಗಾಲವಿಡೀ ಒಂದೇ ಕಡೆ ಇರುವ ತಿಂಗಳುಗಳು. ಪಕ್ಕದ ಊರಿನಲ್ಲಿ ತಂಗಿದ್ದ ಮುನಿ ಮಹಾರಾಜರು ಹಿಂದಿನ ದಿನವಷ್ಟೇ ಕೇಶಲೋಚ ಮಾಡಿದ್ದರು. ಕತ್ತಿ ಕತ್ತರಿ ಮುಟ್ಟದೆ, ತಲೆಗೂದಲನ್ನೂ ಗಡ್ಡವನ್ನೂ ತಮ್ಮ ಕೈಯಿಂದಲೇ ಕಿತ್ತುಕೊಳ್ಳುವ ವ್ರತ ಅದು. ಲಕ್ಷ್ಮಿಬಾಯಿ ಟೆಂಪೋ ತುಂಬ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ, ಕಣ್ಣೀರು ಹಾಕಿ ಬಂದಿದ್ದರು. ಆ ಕಣ್ಣೀರು ಆರುವ ಮೊದಲೇ ಮನೆಯ ಗಿಳಿ ಅದನ್ನೇ ಮಾಡಿದರೆ ಯಾರು ತಾನೇ ಬೇರೆ ಅರ್ಥ ಹುಡುಕುತ್ತಾರೆ?

ಲಕ್ಷ್ಮಿಬಾಯಿ ಎದ್ದು ಪಂಜರದ ಎದುರು ಕೈ ಮುಗಿದು, “ಜೈ ಜಿನೇಂದ್ರ” ಎಂದು ಒಂದು ಬದಾಮಿ ಕೊಟ್ಟರು. ಸರಕಾರ ಬದಾಮಿಯನ್ನು ಕಾಲಿನಲ್ಲಿ ಹಿಡಿದು ತಿಂದಿತು. ತಲೆ ಓರೆ ಮಾಡಿ ಒಂದು ಕಣ್ಣಿನಿಂದ ಲಕ್ಷ್ಮಿಬಾಯಿಯನ್ನು ನೋಡಿತು. ಇನ್ನೊಂದು ಗರಿ ಕಿತ್ತಿತು.

ಮಗ್ಗುಲ ಮನೆಯ ಸಾವಕ್ಕನಿಗೆ ಸುದ್ದಿ ಮುಟ್ಟಿತು ಎಂದ ಮೇಲೆ ಇನ್ನಾರಿಗೂ ಬೇರೆ ಹೇಳುವ ಜರೂರಿಲ್ಲ. ಮಧ್ಯಾಹ್ನಕ್ಕೆ ಓಣಿ ಬಂತು. ಸಂಜೆಗೆ ಯಾರೋ ತೆಗೆದ ವಿಡಿಯೋ ಸದಲಗಾ ದಾಟಿ ಇಚಲಕರಂಜಿ ಮುಟ್ಟಿತು. ಪಡಸಾಲೆಯಲ್ಲಿ ಜಮಖಾನೆ ಹಾಸಿದರು. ಪಂಜರದ ಮುಂದೆ ಮಣೆ ಇಟ್ಟು ಅಕ್ಕಿ, ಕೊಬ್ಬರಿ ಇಟ್ಟರು. ಬಂದವರು ಕೂತು ಕಾಯುವರು. ಗಿಳಿ ಗರಿ ಕೀಳುವುದು. ಎಲ್ಲರೂ ಕೈ ಮುಗಿಯುವರು. ಯಾರೋ ಒಬ್ಬರು ಬದಾಮಿ ಕೊಡುವರು. ಬಂದವರಿಗೆ ಚಹಾ ಮಾಡುವವಳು ಮಯೂರಿ.

“ಏನ್ರಿ, ಡಾಕ್ಟರ್‌ಗೆ ತೋರಸೂಣು,” ಎಂದಳು ಗಂಡ ನಿತಿನನಿಗೆ. “ಎದಿ ಎಲ್ಲಾ ಬೋಳ ಆಗಾಕತ್ತೈತಿ.”

“ಹೂಂ. ನೋಡೂಣು.”

‘ನೋಡೂಣು’ ಎಂಬುದು ಚೌಗುಲೆ ಮನೆತನದಲ್ಲಿ ‘ಇಲ್ಲ’ ಎಂಬುದರ ಮರ್ಯಾದೆಯ ರೂಪ. ನಿತಿನನಿಗೆ ಮಗ್ಗ, ನೂಲು, ಕರೆಂಟು ಇಷ್ಟರ ಆಚೆಗಿನ ಲೋಕವೆಲ್ಲ ನೋಡೂಣು.

ಮಯೂರಿ ಪಂಜರಕ್ಕೆ ಹಳೆಯ ಧೋತರ ಹೊದಿಸಿ, ನೆರೆದವರಿಗೆ ‘ಸರಕಾರಕ್ಕ ವಿಶ್ರಾಂತಿ’ ಎಂದು ಹೇಳಿ, ಪಂಜರ ಎತ್ತಿಕೊಂಡು ಚಿಕ್ಕೋಡಿಯ ಬಸ್ಸು ಹತ್ತಿದಳು. ಅಲ್ಲಿ ದುಂಡೇಶ ಎಂಬ ದನದ ಡಾಕ್ಟರರಿದ್ದರು. ಅವರು ಧೋತರ ಸರಿಸಿ ನೋಡಿ, ಮೆಲ್ಲಗೆ ಮತ್ತೆ ಹೊದಿಸಿದರು.

“ತಂಗೀ, ನಾ ಬಾಲ ಎತ್ತಿ ಜ್ವರಾ ನೋಡಾಂವ. ಇದರ ಬಾಲ ಎತ್ತಿದ್ರ ನನ್ನ ಬೆರಳ ಹೋಗ್ತೈತಿ. ಹಕ್ಕ್ಯಾಗ ನನಗ ಗೊತ್ತಿರೂದು ಕೋಳಿ ಒಂದ. ಕೋಳಿಗಿ ವೈರಾಗ್ಯ ಬಂದದ್ದು ನಾ ನೋಡಿಲ್ಲ.”

ಆದರೂ ಒಳ್ಳೆಯ ಮನುಷ್ಯ. ಕೊಲ್ಲಾಪುರದಲ್ಲಿ ಹಕ್ಕಿಗಳನ್ನೇ ನೋಡುವ ಒಬ್ಬ ಹೆಣ್ಣುಮಗಳ ನಂಬರು ಕೊಟ್ಟರು. ಎರಡು ದಿನ ಬಿಟ್ಟು, ನೂಲು ತರಲು ಹೋಗುವ ಮನೆಯ ಗಾಡಿಯಲ್ಲಿ ಮಯೂರಿ ಕೊಲ್ಲಾಪುರಕ್ಕೂ ಹೋದಳು.

ಆ ಡಾಕ್ಟರು ಗಿಳಿಯನ್ನು ಟವೆಲಿನಲ್ಲಿ ಸುತ್ತಿ, ಚರ್ಮ ನೋಡಿ, ಉದುರಿದ ಗರಿಯ ಬುಡ ನೋಡಿ, ಹೇನಿಲ್ಲ, ಹುರುಕಿಲ್ಲ ಎಂದರು. ಆಮೇಲೆ ಮರಾಠಿಯಲ್ಲಿ ಕೇಳತೊಡಗಿದರು. ಯಾರನ್ನು ಹಚ್ಚಿಕೊಂಡಿತ್ತು? ಮದುವೆಯಾಗಿ ಹೋದ ನಾದಿನಿಯನ್ನು. ಏನು ತಿನ್ನುತ್ತದೆ? ಸೂರ್ಯಕಾಂತಿ ಬೀಜ, ಬದಾಮಿ. ಸ್ನಾನ? ಇಲ್ಲ. ಕಚ್ಚಿ ಹರಿಯಲು ಕಟ್ಟಿಗೆ, ಕಾಗದ ಏನಾದರೂ? ಇಲ್ಲ. ಎಷ್ಟು ಹೊತ್ತಿಗೆ ಮಲಗುತ್ತದೆ?

“ಹೊತ್ತು ಮುಳುಗಿದ ಕೂಡಲೇ. ನಾವೂ ಹೊತ್ತು ಮುಳುಗಿದ ಮೇಲೆ ಉಣ್ಣೂದಿಲ್ಲ, ಮನಿ ಶಾಂತ ಇರ್ತೈತಿ.”

“ಇದೊಂದು ಚಲೋ ಆಯಿತು,” ಎಂದರು ಡಾಕ್ಟರು. ಆ ದಿನ ಅವರಿಗೆ ಚಲೋ ಅನ್ನಿಸಿದ್ದು ಅದೊಂದೇ. “ಗರಿ ಕಿತ್ತ ಕೂಡಲೇ ಏನಾಗುತ್ತದೆ?”

ಮಯೂರಿ ಸ್ವಲ್ಪ ತಡವರಿಸಿದಳು. “ಮಂದಿ ಕೈ ಮುಗೀತಾರ್ರಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಆಮೇಲೆ?”

“ಬದಾಮಿ ಕೊಡ್ತಾರ.”

“ಇದು ಮೊದಲು ಕಿತ್ತದ್ದು ದುಃಖಕ್ಕೆ,” ಎಂದರು ಡಾಕ್ಟರು. “ಈಗ ಕೀಳುತ್ತಿರುವುದು ನಿಮಗೋಸ್ಕರ. ತನ್ನವಳು ಹೋದಳು, ಮಾತಾಡಿದರೆ ಯಾರೂ ಬರಲಿಲ್ಲ, ಗರಿ ಕಿತ್ತರೆ ಊರೇ ಬರುತ್ತದೆ. ನೀವೆಲ್ಲ ಸೇರಿ ಅದಕ್ಕೆ ಪಾಠ ಹೇಳಿಕೊಡುತ್ತಿದ್ದೀರಿ, ಅದು ಜಾಣ, ಕಲಿಯುತ್ತಿದೆ. ಚರ್ಮಕ್ಕೆ ಕೊಕ್ಕು ಹಾಕಿದರೆ ಗಾಯ ಕೆಟ್ಟು ಸಾಯುತ್ತದೆ. ಕೀಳುವಾಗ ಯಾರೂ ಅದರ ಕಡೆ ನೋಡಬಾರದು. ಬೇರೆ ಏನಾದರೂ ಮಾಡಿದಾಗ, ಜೋಳದ ದಿಂಡು ಕಚ್ಚಲಿ, ಸೀಟಿ ಹೊಡೆಯಲಿ, ಆಗ ಮಾತಾಡಿಸಿ, ಆಗ ತಿನ್ನಲು ಕೊಡಿ.”

ನುಗ್ಗೆ ಸೊಪ್ಪು, ಕುಂಬಳ, ಕೆಂಪು ಮೆಣಸಿನಕಾಯಿ, ಗಜ್ಜರಿ ಎಂದರೆ ಕ್ಯಾರೆಟ್ಟು ಕೊಡಲು ಹೇಳಿ, ಬೇಯಿಸಿದ ಗಜ್ಜರಿಯ ಒಂದು ತುಂಡನ್ನು ಅಲ್ಲಿಯೇ ಕೊಟ್ಟು ನೋಡಿದರು. ಸರಕಾರ ಅದನ್ನು ಕಣ್ಣು ಮುಚ್ಚಿಕೊಂಡು ತಿಂದಿತು. ಮಯೂರಿ ಗೋಡೆಯ ಕಡೆ ತಿರುಗಿದಳು. ಮಣ್ಣಿನೊಳಗೆ ಬೆಳೆಯುವ ಗಡ್ಡೆಯಲ್ಲಿ ಅನಂತ ಜೀವ, ಜೈನರು ಅದನ್ನು ತಿನ್ನುವಂತಿಲ್ಲ. ಚೌಗುಲೆಯವರ ಮನೆಯಲ್ಲೂ, ಅವಳ ತವರಿನಲ್ಲೂ ಗಜ್ಜರಿ ಹೊಸ್ತಿಲು ದಾಟಿದ್ದಿಲ್ಲ.

ಊರಿಗೆ ಬಂದು ಅವಳು ಸಾರಿದಳು: ಗಿಳಿ ಗರಿ ಕಿತ್ತರೆ ಯಾರೂ ಕೈ ಮುಗಿಯಬಾರದು.

“ಮುಗೀಬ್ಯಾಡ ಅಂದ್ರ ಕೈ ಎಲ್ಲಿ ಇಡ್ಲಿ?” ಎಂದು ಕೇಳಿದಳು ಸಾವಕ್ಕ.

“ಸೆರಗಿನಾಗ ಇಟ್ಕೋರಿ.”

ಸಾವಕ್ಕ ಸೆರಗಿನೊಳಗೆ ಕೈ ಮುಗಿದಳು. ಬಾಯಲ್ಲಿ ಣಮೋಕಾರ ಮಂತ್ರ ಪಿಟಿಪಿಟಿ ನಡೆದಿತ್ತು. ಗಿಳಿ ಸೆರಗಿನ ಅಲುಗಾಟ ನೋಡಿತು, ತುಟಿಯ ಅಲುಗಾಟ ನೋಡಿತು, ಒಂದು ಗರಿ ಕಿತ್ತಿತು. ಮೂಲೆಯಲ್ಲಿ ಕೂತ ಮುದುಕಿಯೊಬ್ಬಳು ತಡೆಯಲಾರದೆ “ಅಯ್ಯ ನನ್ನಪ್ಪಾ” ಎಂದಳು. ಗಿಳಿ ಅವಳ ಕಡೆ ತಿರುಗಿ ಕೂತು, ಅವಳಿಗಾಗಿಯೇ ಇನ್ನೊಂದು ಕಿತ್ತಿತು.

ಮಯೂರಿ ಜೋಳದ ದಿಂಡು ತಂದು ಕಟ್ಟಿದಳು. ‘ತಪಸ್ಸಿಗಿ ಕೂತದ್ದರ ಮುಂದ ಆಟದ ಸಾಮಾನಾ?’ ಎಂದು ಲಕ್ಷ್ಮಿಬಾಯಿ ಬಿಚ್ಚಿಸಿದರು. ಮೈಗೆ ನೀರು ಸಿಂಪಡಿಸಿದಳು. ಮುನಿಗಳು ಸ್ನಾನ ಮಾಡುವುದಿಲ್ಲ ಎಂದು ಬಾಟಲಿ ಕಸಿದರು. ಕುಂಬಳದ ಹೋಳು ಇಟ್ಟಳು. ಹೊಟ್ಟೆ ತುಂಬ ಬದಾಮಿ ಇದ್ದ ಗಿಳಿ ಅದನ್ನು ಎತ್ತಿ ಜಮಖಾನೆಯ ಮೇಲೆ ಒಗೆಯಿತು. ತ್ಯಾಗ, ಎಂದರು ಎಲ್ಲರೂ. ಮಯೂರಿಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಆದರೆ ಅದನ್ನೂ ಭಕ್ತಿ ಅಂದಾರು ಎಂದು ಸುಮ್ಮನಾದಳು.

ಆ ರೋಷದಲ್ಲಿ ಅವಳೊಂದು ಜಾಣತನ ಮಾಡಿದಳು.

“ಆಯಿ, ಒಂದ ಮಾತ ಹೇಳ್ರಿ. ಕೇಶಲೋಚ ಮಾಡಿದ ದಿನ ಮಹಾರಾಜರು ಉಣ್ತಾರೇನ್ರಿ?”

“ಹುಚ್ಚಿ! ಅವತ್ತ ಅವರದ ಉಪವಾಸ. ಕಾಗವಾಡದಾಗ ಇಷ್ಟೂ ಕಲಿಸಿಲ್ಲೇನ?”

“ಕಲಿಸ್ಯಾರ್ರಿ. ಅದಕ್ಕ ಕೇಳಾಕತ್ತೀನಿ. ಮತ್ತ ಇದು ಗರಿ ಕಿತ್ತ ಕೂಡಲೇ ಬದಾಮಿ ತಿಂತೈತಿ. ಇದು ಯಾವ ಸೀಮಿ ಕೇಶಲೋಚರಿ?”

ಸಾವಕ್ಕ ಸೆರಗಿನಿಂದ ಕೈ ಹೊರಗೆ ತೆಗೆದಳು. ಲಕ್ಷ್ಮಿಬಾಯಿ ಗಿಳಿಯನ್ನು ನೋಡಿದರು, ಬದಾಮಿಯ ಬಟ್ಟಲು ನೋಡಿದರು, ಬಹಳ ಹೊತ್ತು ಯೋಚಿಸಿದರು. ಮಯೂರಿಗೆ ಮದುವೆಯಾದಾಗಿನಿಂದ ಮೊದಲ ಸಲ ಗೆದ್ದೆ ಅನ್ನಿಸಿತು.

“ಖರೇ ಅಂದಿ,” ಎಂದರು ಲಕ್ಷ್ಮಿಬಾಯಿ. “ತಪ್ಪ ನಮ್ಮದ. ಇನ್ನ ಮ್ಯಾಲೆ ಗರಿ ಕಿತ್ತ ದಿನಾ ಅದಕ್ಕ ಉಪವಾಸ.”

ಬಟ್ಟಲು ಒಳಗೆ ಹೋಯಿತು.

ಗಿಳಿ ಗರಿ ಕೀಳದ ದಿನವೇ ಇರಲಿಲ್ಲ. ಆದ್ದರಿಂದ ಉಪವಾಸವಿಲ್ಲದ ದಿನವೂ ಇಲ್ಲದಾಯಿತು. ಹಕ್ಕಿಯ ಹೊಟ್ಟೆ ಬೆಳಗಿನಿಂದ ಸಂಜೆಯ ತನಕ ಬರಿದಾಗಿದ್ದರೆ ತಡೆಯುವುದಿಲ್ಲ ಎಂದು ಮಯೂರಿ ಗೋಗರೆದಳು. ಸಾವಕ್ಕ ಪಾಳಿಯ ಮೇಲೆ ಹೆಣ್ಣುಮಕ್ಕಳನ್ನು ಕಾವಲಿಗೆ ಕೂಡಿಸಿದಳು, ಸೊಸೆ ಕದ್ದು ತಿನ್ನಿಸಿ ವ್ರತ ಕೆಡಿಸಬಾರದೆಂದು. ನಸುಕಿನಲ್ಲಿ ಒಂದಿಷ್ಟು ನೆನೆದ ಕಾಳು ತುರುಕಲು ಸಿಕ್ಕರೆ ಅದೇ ಆ ದಿನದ ಗೆಲುವು. ಇತ್ತ ಗಿಳಿಗೆ ಲೆಕ್ಕವೇ ತಪ್ಪಿತು. ಕಿತ್ತರೆ ಬದಾಮಿ ಬರಬೇಕು. ಬರಲಿಲ್ಲ. ಕಡಿಮೆ ಕಿತ್ತೆನೇನೋ ಎಂಬಂತೆ ಎರಡು ಕಿತ್ತಿತು. ಕೈಗಳು ಮುಗಿದವು, ಬದಾಮಿ ಇಲ್ಲ. ಇನ್ನೂ ಜೋರಾಗಿ ಕಿತ್ತಿತು. ಎರಡನೆಯ ದಿನ ಸಂಜೆ ಹಾಸಿದ ಕಾಗದದ ಮೇಲೆ ಒಂದು ಹನಿ ರಕ್ತ ಬಿತ್ತು.

“ಆಯಿ, ರಕ್ತ,” ಎಂದಳು ಮಯೂರಿ.

ಲಕ್ಷ್ಮಿಬಾಯಿ ಒಂದು ಗಳಿಗೆ ನೋಡಿದರು. ಮುಖ ಸಣ್ಣದಾಯಿತು. ಆಮೇಲೆ ಎದುರಿಗೆ ಕೂತ ಇಪ್ಪತ್ತು ಮುಖಗಳನ್ನು ನೋಡಿದರು. “ಮಹಾರಾಜರಿಗೂ ಬರ್ತೈತಿ,” ಎಂದು ಜಪಮಾಲೆ ಎತ್ತಿಕೊಂಡರು.

ಮರುದಿನ ಮುಂಜಾನೆ ಸಮಾಜದ ಹಿರಿಯ ಭಾವುಸಾಹೇಬರು ಬಂದರು. ಗಿಳಿಯನ್ನು ಸಿಂಗರಿಸಿದ ಟ್ರ್ಯಾಕ್ಟರಿನಲ್ಲಿ ಮಹಾರಾಜರ ದರ್ಶನಕ್ಕೆ ಒಯ್ಯುವ ವಿಚಾರ. ಪಡಸಾಲೆಯಲ್ಲಿ ಬ್ಯಾಂಡು ಬೇಕೋ ಬೇಡವೋ ಎಂಬ ಚರ್ಚೆ ನಡೆದಿದ್ದಾಗ ಗಿಳಿ ಕೋಲಿನಿಂದ ಕೆಳಗಿಳಿದು ಪಂಜರದ ನೆಲದ ಮೇಲೆ ಗರಿ ಉಬ್ಬಿಸಿಕೊಂಡು ಕೂತಿತ್ತು. ನೆಮ್ಮದಿಗೂ ಗರಿ ಸಡಿಲಾಗುತ್ತವೆ, ಆದರೆ ನೆಮ್ಮದಿಯ ಗಿಳಿ ನೆಲಕ್ಕಿಳಿಯುವುದಿಲ್ಲ. ಅದು ಮಯೂರಿಗೆ ಗೊತ್ತಿತ್ತು. ಹಿತ್ತಲಿಗೆ ಓಡಿ ಕೊಲ್ಲಾಪುರಕ್ಕೆ ಫೋನು ಹಚ್ಚಿದಳು.

“ಮೊದಲು ತಿನ್ನಿಸಿ,” ಎಂದರು ಡಾಕ್ಟರು. “ಬೆಚ್ಚಗಿನದು, ಮೆತ್ತಗಿನದು. ಅವತ್ತು ಗಜ್ಜರಿ ತಿಂದಿತಲ್ಲ, ಅದನ್ನೇ ಕೊಡಿ. ಈಗಲೇ.”

ಹಿತ್ತಲ ಗೋಡೆಯಾಚೆ ರಾಮವ್ವನ ಮನೆ. ಅವಳ ಗಂಡ ಹಾಲಸಿದ್ದ ಚೌಗುಲೆಯವರ ಮಗ್ಗ ನಡೆಸುವವನು.

“ರಾಮವ್ವಾ, ಒಂದ ಗಜ್ಜರಿ ಐತೇನ?”

“ಗಜ್ಜರಿ? ನಿಮ್ಮ ಮನಿಗಿ?” ರಾಮವ್ವ ಗೋಡೆಯ ಮೇಲೆ ಮುಖ ತಂದಳು. “ಬಯಕಿ ಏನ್ರಿ ವೈನಿ?”

“ನನಗಲ್ಲ ಮಾರಾಯ್ತಿ. ಸರಕಾರಕ್ಕ.”

“ಹಂಗಂದ್ರ ಕುದಿಸೇ ಕೊಡ್ತೀನಿ ತಡೀರಿ. ನಿಮ್ಮ ಬೋಗಾಣಿ ಯಾಕ ಮೈಲಿಗಿ?”

ಪೇರಲ ಎಲೆಯ ಮೇಲೆ ಗಜ್ಜರಿಯ ತುಂಡುಗಳನ್ನಿಟ್ಟುಕೊಂಡು ಮಯೂರಿ ಪಡಸಾಲೆಗೆ ಬಂದಳು. ಕದ್ದು ತಿನ್ನಿಸುವ ಹಾಗೆ ಪಂಜರ ಒಳಗೆ ಒಯ್ಯೋಣವೆಂದರೆ ಸುತ್ತ ಜನ. ಕಾಯಲು ಹೊತ್ತಿಲ್ಲ. ಎಲ್ಲರ ನಡುವೆ ಹಾದು ಹೋಗಿ, ಕೂತು, ಬಾಗಿಲು ತೆಗೆದು ಕೈ ಒಳಗೆ ಹಾಕಿದಳು. ಕಾವಲಿಗೆ ಕೂತವರು ಮಾತು ಹುಡುಕುವುದರೊಳಗೆ ಗಿಳಿ ಕೆಂಪು ತುಂಡನ್ನು ಕೊಕ್ಕಿನಿಂದ ಮುಟ್ಟಿತು. ನಾಲಿಗೆಯಿಂದ ತಿರುವಿತು. ನುಂಗಿತು. ಇನ್ನೊಂದು. ಮತ್ತೊಂದು. ಆಮೇಲೆ ಕಾಲಿನಲ್ಲಿ ಹಿಡಿದು ಕೂತೇ ಬಿಟ್ಟಿತು.

“ಅದೇನವ್ವಾ ಅದು?” ಎಂದರು ಭಾವುಸಾಹೇಬರು.

“ಗಜ್ಜರಿರಿ.”

ಎಷ್ಟೋ ದಿನದಿಂದ ಬಾಯಿ ಬಿಡದಿದ್ದ ಗಿಳಿ, ಗಜ್ಜರಿ ಮೆತ್ತಿದ ಕೊಕ್ಕು ಎತ್ತಿ, ಕಾಜಲ ಊಟದ ಮಣೆಯ ಮೇಲೆ ಕೂತು ಕೇಳುತ್ತಿದ್ದ ದನಿಯಲ್ಲಿ, ಸ್ಪಷ್ಟವಾಗಿ ಅಂದಿತು: “ಆಯೀ, ಇನ್ನೊಂದಿಷ್ಟ ಹಾಕ.”

ಲಕ್ಷ್ಮಿಬಾಯಿಯ ಕೈಯಿಂದ ಜಪಮಾಲೆ ಮಡಿಲಿಗೆ ಬಿತ್ತು. ಮಗಳ ದನಿಗೆ ಅರ್ಧ ಎದ್ದರು, ಗಜ್ಜರಿಯ ಬಣ್ಣಕ್ಕೆ ಮತ್ತೆ ಕೂತರು.

ಮೊದಲು ಸಾವಕ್ಕ ಎದ್ದಳು. “ಒಲಿ ಮ್ಯಾಲೆ ಹಾಲ ಇಟ್ಟದ್ದ ನೆಪ್ಪಾತ ನೋಡ್ರಿ.” ಅವಳ ಹಿಂದೆ ಊರಿನ ಅರ್ಧ ಹಾಲು ಒಲೆಯ ಮೇಲಿರುವುದು ನೆನಪಾಯಿತು. ಭಾವುಸಾಹೇಬರು ಚಪ್ಪಲಿ ಮೆಟ್ಟುತ್ತಲೇ ಫೋನಿನಲ್ಲಿ, “ಟ್ರ್ಯಾಕ್ಟರ್ ಬ್ಯಾಡಪಾ. ಹೂವಿನಾಂವಗೂ ಬ್ಯಾಡಂತ ಹೇಳ,” ಅನ್ನುತ್ತಿದ್ದರು.

“ಒಂದ ಜೀವದ ವ್ರತಾ ಕೆಡಿಸಿದಿ,” ಎಂದರು ಲಕ್ಷ್ಮಿಬಾಯಿ, ಪಡಸಾಲೆ ಬರಿದಾದ ಮೇಲೆ.

“ಜೀವಾ ಉಳೀತಲ್ರಿ ಆಯಿ. ಸತ್ತಿದ್ರ ಆ ಹಿಂಸಾ ಯಾರ ಮ್ಯಾಲೆ ಬರ್ತಿತ್ತು?”

“ಕೆಡಿಸಿದಿ ಅಂದ್ನಿ.”

ಜಮಖಾನೆ ಝಾಡಿಸಿ ಮಡಚಿದರು. ಪಡಸಾಲೆ ತೊಳೆದರು. ವ್ರತಭ್ರಷ್ಟ ಗಿಳಿಯನ್ನು ಹಿತ್ತಲ ಜಗಲಿಗೆ ಹಾಕಿದರು. ಅಲ್ಲಿ ಅದನ್ನು ನೋಡಲು ಯಾರೂ ಬರಲಿಲ್ಲ. ಡಾಕ್ಟರು ಹೇಳಿದ್ದೂ ಅದನ್ನೇ. ಮಯೂರಿ ಬಾಯಿ ಬಿಟ್ಟು ಬೇಡಿದಾಗ ಸಿಗದ್ದು ಬೈಸಿಕೊಂಡಾಗ ಸಿಕ್ಕಿತು. ಅವಳು ಜೋಳದ ದಿಂಡು ಕಟ್ಟಿದಳು, ಸಿಂಪಡಿಸುವ ಬಾಟಲಿ ಹುಡುಕಿ ತಂದಳು. ಗಿಳಿ ಗರಿಗೆ ಕೊಕ್ಕು ಹಾಕಿದರೆ ಎದ್ದು ಬಟ್ಟೆ ಒಣಗಿಸಲು ಹೋಗುವಳು. ಸೀಟಿ ಹೊಡೆದರೆ ಬಂದು ಮಾತಾಡಿಸುವಳು. ದಿನಕ್ಕೆ ಹತ್ತು ಸಲ ಒಣಗಿದ ಬಟ್ಟೆಯನ್ನೇ ಒಣಗಿಸಿದಳು.

ಆಗ ಅಥಣಿಯಿಂದ ಫೋನು ಬಂತು. ಕಾಜಲಳಾದರೂ ಎರಡು ಒಳ್ಳೆಯ ಮಾತು ಆಡಿಯಾಳು ಎಂದು ಮಯೂರಿ ಆಸೆಯಿಂದ ಎತ್ತಿದಳು.

“ಏನ್ ಮಾಡಿದ್ರಿ ವೈನಿ? ನನ್ನ ಗಿಳಿ ವ್ರತಾ ಮುರದ್ರಂತ ಇಲ್ಲೆಲ್ಲಾ ಮಾತ. ನಮ್ಮ ಅತ್ತಿಯಾರ ದರ್ಶನಕ್ಕ ಬರಾಕ ಸೀರಿ ತಗದ ಇಟ್ಟಿದ್ರು.”

“ಅವರಿಗಿ ದಮ್ಮಲ್ಲೇನ, ಕಾಜಲ? ಗಿಳಿ ಧೂಳ ಆಗೂದಿಲ್ಲಂದಿದ್ದಿ.”

“ವೈರಾಗ್ಯ ಬಂದ ಗಿಳಿದು ಆಗ್ತೈತಂತ ಅಂದಿದ್ರು.”

ಮಯೂರಿ ಫೋನು ಇಟ್ಟು, ಒಣಗಿದ ಬಟ್ಟೆಗಳನ್ನು ಮತ್ತೊಂದು ಸಲ ಒಣಗಹಾಕಲು ಎದ್ದಳು.

ದೀಪಾವಳಿಯ ಹೊತ್ತಿಗೆ ಗಿಳಿಯ ಎದೆಯ ಮೇಲೆ ಹೊಸ ಗರಿ ಬಂದವು. ರಕ್ತ ಬಂದಿದ್ದ ರೂಪಾಯಿಯಗಲ ಜಾಗದಲ್ಲಿ ಬರಲಿಲ್ಲ. ಮಹಾರಾಜರಿಗೆ ಆಹಾರ ತಯಾರಿಸುವ ಅಡಿಗೆಗೆ ಆ ಚಾತುರ್ಮಾಸ ಮುಗಿಯುವ ತನಕ, ಗಜ್ಜರಿ ಮುಟ್ಟಿದ ಕೈಯೆಂದು, ಮಯೂರಿಯನ್ನು ಕರೆಯಲಿಲ್ಲ.